ಗಿರಣಿ ನಾಯಿಯ ಹದಿನೈದು ನಿಮಿಷ

ನನಗೆ ಅಕ್ಷರ ಕಲಿಸಿದವರು ಶಾಲೆಯವರು. ಮಾತು ಕಲಿಸಿದವರು ಅಜ್ಜ. ಊಟವಾದ ಮೇಲೆ ಜಗುಲಿಯಲ್ಲಿ ಕೂತು ಅವರು ಒಂದು ಸಂಗತಿ ಹೇಳತೊಡಗಿದರೆ ಅದರಲ್ಲಿ ಬರುವ ದನ ದನದ ಹಾಗೇ ಕೆಮ್ಮುತ್ತಿತ್ತು, ಕೋಳಿ ಕೋಳಿಯ ಹಾಗೇ ಕತ್ತು ತಿರುಗಿಸುತ್ತಿತ್ತು. ಅವರ ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ಒಂದು ಕರಿನಾಯಿ, ನೆಂಟರಿಗೆಂದು ಮಾಡಿದ ಹೋಳಿಗೆಯನ್ನೆಲ್ಲ ಕದ್ದು ತಿಂದು ಕಕ್ಕಿದ ಪ್ರಸಂಗವನ್ನಂತೂ ನಾವು ಮಕ್ಕಳು ಕಾಡಿ ಕಾಡಿ ಹೇಳಿಸಿಕೊಳ್ಳುತ್ತಿದ್ದೆವು. ಅಜ್ಜ ಕೈಯೂರಿ ನಾಲ್ಕು ಕಾಲಲ್ಲಿ ನಿಂತು, ಬೆನ್ನು ಗೂನು ಮಾಡಿ, ಹೊಟ್ಟೆ ಒಳಕ್ಕೆಳೆದು, "ಗ್ವಾಕ್, ಗ್ವಾಕ್" ಎಂದು ಮೂರು ಸಲ ಹಿಂಡಿ ನಾಲ್ಕನೆಯದಕ್ಕೆ ಬಾಯಿ ತೆರೆಯುವಾಗ ನಾವು ಚೀರಿ ಹಿಂದೆ ಸರಿಯುತ್ತಿದ್ದೆವು. ಆ ನಾಯಿಯನ್ನು ನಾನು ನೋಡಿದವನಲ್ಲ. ಅದು ಕಕ್ಕಿದ ರೀತಿ ಮಾತ್ರ ನನಗೆ ಬಾಯಿಪಾಠ.

ಐವತ್ತು ದಾಟಿದ ಮೇಲೆ ಆ ಬಾಯಿಪಾಠದಿಂದಲೇ ನಾನು ನನ್ನ ಸ್ವಂತ ನಾಯಿಯನ್ನು ಕೊಲ್ಲುವುದರಲ್ಲಿದ್ದೆ. ಅದನ್ನೇ ಇಲ್ಲಿ ಬರೆಯಲು ಕೂತಿದ್ದೇನೆ.

ಕೋಣಂದೂರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು, ನಾನು ನಡೆಸುತ್ತಿರುವುದು. ಗಿರಣಿಯ ಬೆನ್ನಿಗೇ ಮನೆ. ಅಕ್ಕಿ ಬೀಸಿಸಲು ಬಂದವರು ತಮ್ಮ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತಿರಬೇಕು. ಕೂತವರಿಗೆ ನನ್ನ ಮಾತು ಬೇಕು. ಮೋಟಾರಿನ ಗದ್ದಲಕ್ಕಿಂತ ಒಂದು ಮೆಟ್ಟಿಲು ಮೇಲೆ ದನಿ ಎತ್ತಿ ಮಾತಾಡುವುದು ನನಗೆ ಅಭ್ಯಾಸ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ತೌಡಿನ ಚೀಲದ ಸಂದಿಯಲ್ಲಿ ಒಂದು ಹೆಣ್ಣು ಕುನ್ನಿ ಸಿಕ್ಕಿತು. ಬಣ್ಣ ಕಂದೋ ಹಳದಿಯೋ ಹೇಳುವ ಹಾಗಿರಲಿಲ್ಲ, ಮೈಯೆಲ್ಲ ಹಿಟ್ಟು. ಹೆಸರಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. "ಬಾ ಇಲ್ಲಿ" ಎಂದರೆ ಬರುತ್ತಿತ್ತು, ಅಷ್ಟು ಸಾಕಾಯಿತು. ಎರಡು ವರ್ಷದಲ್ಲಿ ಅದು ಹದಿನೆಂಟು ಕಿಲೋ ತೂಗಿತು. ತೂಗಿದ್ದು ನಮ್ಮ ಗಿರಣಿಯ ತಕ್ಕಡಿಯಲ್ಲೇ, ಕೆಳಗೆ ಗೋಣಿಚೀಲ ಹಾಸಿ.

ಮೂರನೆಯ ವರ್ಷ ಅದು ಕಕ್ಕಲು ಶುರುಮಾಡಿತು.

ಮೊದಮೊದಲು ವಾರಕ್ಕೊಮ್ಮೆ. ನಾಯಿ ಅಂದ ಮೇಲೆ ಹುಲ್ಲು ತಿಂದು ಕಕ್ಕುತ್ತದೆ, ಅದರಲ್ಲಿ ಎಂತ ದೊಡ್ಡದು ಎಂದುಕೊಂಡೆವು. ಆಮೇಲೆ ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ದಿನವೂ. ಈಗ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಅದು ಕಕ್ಕುವುದನ್ನು ನಾನು ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ಇನ್ನೊಬ್ಬರ ಧಾನ್ಯ ಮುಟ್ಟುವ ಕೈ ಕೆಲಸದ ಹೊತ್ತಿನಲ್ಲಿ ಹೊಲಸಿನ ಹತ್ತಿರ ಹೋಗಬಾರದು ಎಂಬುದು ಅಪ್ಪ ಹಾಕಿದ ಕಟ್ಟು. ನಾಯಿ ಹಿತ್ತಲ ಬಾಗಿಲ ಬಳಿ ಕಕ್ಕಿದರೆ ನನ್ನ ಹೆಂಡತಿ ಬಚ್ಚಲ ಒಲೆಯಿಂದ ಒಂದು ಗೆರಟೆ ಬೂದಿ ತಂದು ಅದರ ಮೇಲೆ ಸುರಿದು, ಅಡಿಕೆ ಹಾಳೆಯಲ್ಲಿ ಬಳಿದು ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ನನಗೆ ತಲುಪುತ್ತಿದ್ದುದು ಸುದ್ದಿ ಮಾತ್ರ.

"ಮತ್ತೆ ಕಕ್ತು ನೋಡಿ."

"ಎಷ್ಟು ಸಲ?"

"ಬೆಳಿಗ್ಗೆ ಒಂದ್ಸಲ, ಈಗೊಂದ್ಸಲ. ಅಲ್ಲಾ, ಅದು ಕಕ್ಕೋದು ಒಂಥರಾ..."

ಅವಳ ಮಾತು ಮುಗಿಯುವಷ್ಟರಲ್ಲಿ ನಾನು ಬೆಂಚಿನ ಕಡೆ ತಿರುಗಿರುತ್ತಿದ್ದೆ. "ಕೇಳಿದ್ರಾ ಮಾರಾಯ್ರೆ, ಬೆಳಿಗ್ಗೆಯಿಂದ ಏಳೆಂಟು ಸಲ!" ಆಮೇಲೆ ಕೈಯೂರಿ ಬೆನ್ನು ಗೂನು ಮಾಡಿ, ಅಜ್ಜನ ನಾಯಿಯ ಹಾಗೆ ಮೂರು ಸಲ ಹಿಂಡಿ ತೋರಿಸುತ್ತಿದ್ದೆ. ಬೆಂಚಿನವರು ನಕ್ಕೂ ನಗುತ್ತಿದ್ದರು, ಅಯ್ಯೋ ಪಾಪ ಎಂದೂ ಅನ್ನುತ್ತಿದ್ದರು. ನನಗೂ ನಾಯಿಯ ಮೇಲೆ ಮರುಕವಿತ್ತು, ಅದು ಸುಳ್ಳಲ್ಲ. ಹೇಳುತ್ತ ಹೇಳುತ್ತ ಅದರಲ್ಲಿ ಒಂದು ಬಣ್ಣ ಏರುತ್ತಿತ್ತು, ಅಷ್ಟೇ.

ಹದಿನಾರು ಕಿಲೋಗೆ ಇಳಿದಾಗ ಅದನ್ನು ಸ್ಕೂಟರಿನಲ್ಲಿ ಕಾಲ ಸಂದಿಯಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋದೆ. ಅಲ್ಲಿಯ ಪಶುವೈದ್ಯೆ ವಯಸ್ಸಿನಲ್ಲಿ ಚಿಕ್ಕವರು, ಮಾತೂ ಕಡಿಮೆ. ಹೇಗೆ ಕಕ್ಕುತ್ತದೆ ಎಂದು ಕೇಳಿದರು. ನಾನು ಅಲ್ಲೂ ತೋರಿಸಿದೆ. "ಕರುಳೇ ಹೊರಗೆ ಬಂದ ಹಂಗೆ ಹಿಂಡುತ್ತೆ ಡಾಕ್ಟ್ರೇ. ಕೊನೆಗೆ ಹಳದಿ ನೀರು." ಹಳದಿ ನೀರೂ ಅಜ್ಜನ ನಾಯಿಯದ್ದೇ. ಅವರು ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು. ಒಂದು ದಿನ ಏನೂ ಹಾಕಬೇಡಿ, ಹೊಟ್ಟೆಗೆ ವಿಶ್ರಾಂತಿ ಕೊಡಿ, ಆಮೇಲೆ ತೆಳ್ಳಗಿನ ಗಂಜಿ ಎಂದು ಹೇಳಿ ಹೊಟ್ಟೆಯ ಉರಿಗೆ, ವಾಂತಿಗೆ ಮಾತ್ರೆ ಬರೆದರು. ನನ್ನ ಮಾತು ಕೇಳಿದ ಯಾವ ವೈದ್ಯರೂ ಅದನ್ನೇ ಬರೆಯುತ್ತಿದ್ದರು.

ಉಪವಾಸ ಹಾಕಿದ ದಿನ ಅದು ಕಕ್ಕಲಿಲ್ಲ. ಹೊಟ್ಟೆಗೆ ಏನೂ ಹೋಗದಿದ್ದರೆ ಕಕ್ಕುವುದಾದರೂ ಏನನ್ನು? ನಾನು ಮಾತ್ರ ಔಷಧಿ ಹಿಡಿಯಿತೆಂದು ಬೆಂಚಿನವರಿಗೆಲ್ಲ ಸಾರಿದೆ. ಗಂಜಿ ಕೊಟ್ಟ ದಿನ ಅದೂ ಹೊರಗೆ ಬಂತು. ಯಾರೋ ಹೊಸನಗರದ ಕಡೆ ಒಬ್ಬರು ಬೇರು ತೇದು ಕೊಡುತ್ತಾರೆಂದರು. ಅಲ್ಲಿಗೂ ಹೋದೆ, ಅಲ್ಲೂ ಅದೇ ಆಟ ಆಡಿ ತೋರಿಸಿದೆ. ಅವರೂ ಎರಡು ದಿನ ಉಪವಾಸ ಎಂದರು. ಮತ್ತೆ ತೀರ್ಥಹಳ್ಳಿ, ಮತ್ತೆ ಉಪವಾಸ. ತಕ್ಕಡಿಯ ಮುಳ್ಳು ಹನ್ನೆರಡಕ್ಕೆ ಬಂದು ನಿಂತಿತು. ಪಕ್ಕೆಲುಬು ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು.

ಪ್ರತಿ ವಾರ ಕಡುಬಿನ ತರಿಗೆ ಅಕ್ಕಿ ತರುವ ಒಬ್ಬ ಮುದುಕಿ ಇದ್ದಾರೆ. ನಾನು ದೊಡ್ಡಮ್ಮ ಎನ್ನುತ್ತೇನೆ. ನಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದ್ದು ನೋಡಿ ಅವರು ಬಾಗಿಲಲ್ಲೇ ನಿಂತರು.

"ಎಂತ ತಮ್ಮಾ, ಅಕ್ಕಿ ಬಿಟ್ಟು ನಾಯೀನ ಬೀಸ್ತೀಯಾ?"

"ಬೀಸಿದ್ರೂ ಒಂದು ಪಾವು ಹಿಟ್ಟು ಬರ್ಲಿಕ್ಕಿಲ್ಲ ದೊಡ್ಡಮ್ಮ. ಮೂಳೆಯೇ ಎಲ್ಲ."

ನಾನು ಆಡಿದ್ದು ತಮಾಷೆಗೇ. ಅವರು ನಗಲಿಲ್ಲ. ಗೋಣಿಯ ಮೇಲೆ ನಿಂತ ನಾಯಿಯ ಕಾಲು ನಡುಗುತ್ತಿದ್ದುದನ್ನು ನೋಡುತ್ತಿದ್ದರು. "ಇದು ಈ ತಿಂಗ್ಳು ಕಳೀದು" ಎಂದು ಅಕ್ಕಿಯ ಚೀಲ ಕೆಳಗಿಟ್ಟರು. ಮೋಟಾರು ಹಾಕಿ ಅವರ ತರಿ ಬೀಸಿಕೊಟ್ಟು, ಗಿರಣಿಗೆ ಬೀಗ ಹಾಕಿದೆ. ಇದನ್ನು ಹೀಗೆ ಸಾಯಲು ಬಿಡುವುದಿಲ್ಲ ಎಂದು ಹೆಂಡತಿಗೆ ಹೇಳಿದೆ.

"ಹಂಗಾದ್ರೆ ನಾನೂ ಬರ್ತೀನಿ" ಎಂದಳು. ಗೂಡ್ಸ್ ಆಟೋ ಹಿಡಿದು ಮೂವರೂ ಹೋದೆವು.

ವೈದ್ಯೆ ನಾಯಿಯನ್ನು ನೋಡಿದವರೇ ಹುಬ್ಬು ಗಂಟಿಕ್ಕಿದರು. ನಾನು ಎಂದಿನಂತೆ ಕೈಯೂರಲು ಬಗ್ಗಿದೆ. ಅವರು ತಡೆದರು.

"ಒಂದ್ನಿಮಿಷ. ಇದು ಕಕ್ಕೋದನ್ನ ನೀವು ನೋಡಿದ್ದೀರಾ?"

"ಅದು... ನೋಡಿದ ಹಾಗೇ ಡಾಕ್ಟ್ರೇ."

"ನೋಡಿದ ಹಾಗೆ ಅಂದ್ರೆ ಎಂತ? ನೋಡಿದ್ದೀರೋ, ಇಲ್ವೋ?"

ಹೆಂಡತಿ ಗೋಡೆಯ ಕಡೆ ನೋಡುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಇಲ್ಲ" ಎಂದೆ.

"ಹೊಟ್ಟೆ ಹಿಂಡಿ ಬಂದ್ರೆ ಅದು ವಾಂತಿ" ಎಂದರು ವೈದ್ಯೆ. ಸಿಟ್ಟು ಇತ್ತು, ಆದರೆ ದನಿ ಏರಿಸಲಿಲ್ಲ. "ಹಿಂಡದೆ ಸುಮ್ನೆ ಜಾರಿ ಬಿದ್ರೆ, ತಿಂದದ್ದು ಹೊಟ್ಟೆಗೇ ಹೋಗಿಲ್ಲ ಅಂತ ಅರ್ಥ. ಎರಡೂ ಬೇರೆ ಬೇರೆ ಕಾಯಿಲೆ. ನೀವು ತೋರಿಸಿದ್ದು ನೋಡಿ ನಾನು ಹೊಟ್ಟೆಗೆ ಔಷಧಿ ಕೊಟ್ಟೆ."

ಆಗ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: "ಇದು ಹಿಂಡೋದೇ ಇಲ್ಲ ಡಾಕ್ಟ್ರೇ. ತಲೆ ಬಗ್ಗಿಸುತ್ತೆ, ಅನ್ನ ಅನ್ನವಾಗೇ ಬಿದ್ದು ಹೋಗುತ್ತೆ. ಉದ್ದಕ್ಕೆ, ಶ್ಯಾವಿಗೆ ಒರಳಿಂದ ಬಿದ್ದ ಹಂಗೆ. ನಾನು ಬೂದಿ ಹಾಕಿ ಬಳಿದುಬಿಡ್ತೀನಿ."

ನಾನು ಅವಳ ಕಡೆ ತಿರುಗಿದೆ. "ನಂಗೆ ಯಾಕೆ ಹೇಳಿಲ್ಲ ಮಾರಾಯ್ತಿ?"

"ಹೇಳಕ್ಕೆ ಬಿಟ್ರಾ ನೀವು? ನಾನು ಬಾಯಿ ತೆಗೆಯೋದ್ರೊಳಗೆ ನೀವು ನಾಲ್ಕು ಕಾಲಲ್ಲಿ ಇರ್ತಿದ್ರಿ."

ವೈದ್ಯೆ ನಕ್ಕರು. ನಾನೂ ನಗಬೇಕಿತ್ತು, ಆಗಲಿಲ್ಲ. ಮೂರು ಸಲ ಉಪವಾಸ ಹಾಕಿದ್ದು ಕಣ್ಣ ಮುಂದೆ ಬಂತು. ಹೊಟ್ಟೆಗೆ ಒಂದು ಅಗುಳೂ ಇಳಿಯದೆ ಹಸಿದಿದ್ದ ಪ್ರಾಣಿಯ ತಟ್ಟೆಯನ್ನು ನಾನೇ ಎತ್ತಿ ಅಟ್ಟದ ಮೇಲಿಟ್ಟಿದ್ದೆ. ಅದು ಬಾಲ ಅಲ್ಲಾಡಿಸುತ್ತ ಅಟ್ಟದ ಕಡೆಗೇ ನೋಡುತ್ತಿತ್ತು. ನಾನು ಡಾಕ್ಟರಿಗೆ ತೋರಿಸಿದ್ದು ನನ್ನ ನಾಯಿಯನ್ನಲ್ಲ. ತೊಂಬತ್ತು ವರ್ಷದ ಹಿಂದೆ ಹೋಳಿಗೆ ತಿಂದ ಅಜ್ಜನ ನಾಯಿಯನ್ನು.

"ಇನ್ಮೇಲೆ ನೋಡೋ ಮೊದ್ಲೇ ಬೂದಿ ಹಾಕ್ಬೇಡಿ" ಎಂದರು ವೈದ್ಯೆ. "ಈಗ ಮನೆಗೆ ಹೋಗಿ ಸ್ವಲ್ಪ ಅನ್ನ ಹಾಕಿ. ನೀವೇ ಕೂತು ನೋಡಿ. ಫೋನಲ್ಲಿ ವಿಡಿಯೋ ಮಾಡಿ ಕಳಿಸಿ. ಮಾತು ಬೇಡ, ವಿಡಿಯೋ ಸಾಕು."

ಮನೆಗೆ ಬಂದು ಒಂದು ಹಿಡಿ ಅನ್ನ ಹಾಕಿದೆವು. ನಾನು ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತೆ. ಹತ್ತು ನಿಮಿಷ ಕಳೆಯಿತು. ನಾಯಿ ಎದ್ದು ನಿಂತು ತಲೆ ಕೆಳಗೆ ಮಾಡಿತು, ಅನ್ನ ಜಾರಿ ನೆಲಕ್ಕೆ ಬಿತ್ತು. ಹೊಟ್ಟೆ ಅಲುಗಲಿಲ್ಲ, ಸದ್ದು ಬರಲಿಲ್ಲ. ಅಗುಳು ಅಗುಳಾಗಿಯೇ ಇತ್ತು. ಅಷ್ಟು ದಿನ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಅಲ್ಲಿರಲಿಲ್ಲ.

ವಿಡಿಯೋ ನೋಡಿದ ವೈದ್ಯೆ ಮಾರನೆಯ ದಿನವೇ ಶಿವಮೊಗ್ಗಕ್ಕೆ ಚೀಟಿ ಕೊಟ್ಟರು. ಅಲ್ಲಿ ಬಿಳಿ ಔಷಧಿ ಕಲಸಿದ ಊಟ ತಿನ್ನಿಸಿ ಎಕ್ಸ್‌ರೇ ತೆಗೆದರು. ತೀರ್ಥಹಳ್ಳಿಯಲ್ಲಿ ವೈದ್ಯೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಗಂಟಲಿನಿಂದ ಹೊಟ್ಟೆಗೆ ಹೋಗುವ ಅನ್ನನಾಳ ಸೋತು, ಹಿಗ್ಗಿ, ಚೀಲದ ಹಾಗಾಗಿತ್ತು. ನುಂಗಿದ್ದನ್ನು ಕೆಳಗೆ ತಳ್ಳುವ ಶಕ್ತಿ ಅದಕ್ಕಿರಲಿಲ್ಲ.

"ಗುಣ ಆಗುತ್ತಾ?"

"ಗುಣ ಆಗುತ್ತೆ ಅಂತ ಹೇಳಕ್ಕಾಗಲ್ಲ. ಬದುಕಿಸ್ಬಹುದು. ತಳ್ಳೋ ಶಕ್ತಿ ಇಲ್ಲ ಅಂದ್ಮೇಲೆ ತಾನಾಗೇ ಇಳಿಯೋ ಹಾಗೆ ಮಾಡ್ಬೇಕು. ನಾಯೀನ ನೆಟ್ಟಗೆ ಕೂರಿಸಿ ತಿನ್ನಿಸಿ. ತಿಂದ್ಮೇಲೂ ಹದಿನೈದು ನಿಮಿಷ ಹಂಗೇ ಇರ್ಬೇಕು. ನೀರೂ ಅಷ್ಟೇ. ದಿನಕ್ಕೆ ನಾಲ್ಕು ಸಲ."

"ಎಷ್ಟು ದಿನ?"

"ಅದು ಬದುಕಿರೋ ತನಕ." ಅವರು ನನ್ನ ಮುಖ ನೋಡಿದರು. "ನೆಲದ ಮೇಲೆ ತಿಂದು ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. ಆಗ ನನ್ನ ಕೈಯಲ್ಲೂ ಇರಲ್ಲ. ಆಗುತ್ತಾ ನಿಮ್ಗೆ?"

"ಆಗುತ್ತೆ" ಎಂದೆ.

ಬೇರೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಗಿರಣಿಯವನಿಗೆ ಅಲ್ಲ. ಗಿರಣಿಯಲ್ಲಿ ಧಾನ್ಯವನ್ನು ಯಾರೂ ಕಲ್ಲಿನೊಳಕ್ಕೆ ತಳ್ಳುವುದಿಲ್ಲ. ಮೇಲೆ ಅಗಲ, ಕೆಳಗೆ ಸಪೂರ ಇರುವ ಡಬ್ಬಕ್ಕೆ ಸುರಿದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅಪ್ಪನ ಕಾಲದ ಹಳೆಯ ಯಂತ್ರದ ಮರದ ಡಬ್ಬ ಅಟ್ಟದಲ್ಲಿ ಬಿದ್ದಿತ್ತು. ಅದನ್ನು ಇಳಿಸಿ ಒಂದು ಬದಿಯ ಹಲಗೆ ಕಿತ್ತೆ. ಕಾಲು ಹೊಡೆದು ಹಿತ್ತಲ ಜಗುಲಿಯ ಗೋಡೆಗೆ ಒರಗಿಸಿದೆ. ಕೆಳಗಿನ ಸಪೂರದಲ್ಲಿ ಗೋಣಿ ತುರುಕಿದರೆ ನಾಯಿಯ ಅಂಡಿಗೆ ಹಿಡಿಯಿತು. ಇಳಿಜಾರು ಹಲಗೆ ಬೆನ್ನಿಗಾಯಿತು. ಮುಂದೆ ಅಡ್ಡಪಟ್ಟಿ, ಅದರ ಮೇಲೆ ಮುಂಗಾಲು. ಮನುಷ್ಯರ ಹಾಗೆ ಕೂರುವ ಕುರ್ಚಿ.

ನಾಯಿ ಕೂರಬೇಕಲ್ಲ! ಮೊದಲ ದಿನ ಒಂದು ಕ್ಷಣ ಕೂತು ಹಾರಿತು. ಎರಡನೆಯ ದಿನ ನನ್ನ ಮುಂಗೈ ಪರಚಿತು. ಮೂರನೆಯ ದಿನದಿಂದ ನಾನು ಹಿಂದೆ ನಿಂತು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ, ಹೆಂಡತಿ ಮುಂದೆ ನಿಂತು ಉಣ್ಣಿಸಿದಳು. ಗಂಜಿ ಕೊಟ್ಟರೆ ನೆಟ್ಟಗೆ ಕೂತರೂ ವಾಪಸು ಬರುತ್ತಿತ್ತು. ಅನ್ನ ನುಣ್ಣಗೆ ಹಿಸುಕಿ ಕೊಟ್ಟರೂ ಅರ್ಧ ಬಂತು. ಒದ್ದೆ ಅಕ್ಕಿ ಹಾಕಿದರೆ ಗಿರಣಿಯ ಬಾಯಿ ಕಟ್ಟಿಕೊಳ್ಳುತ್ತದೆ, ತೀರಾ ಹುಡಿಯಾದರೂ ಸರಿಯಾಗಿ ಇಳಿಯುವುದಿಲ್ಲ. ನಾಯಿಯ ಊಟಕ್ಕೂ ಅಂಥದೇ ಒಂದು ಹದ ಹುಡುಕಿದೆ. ಎಂಟು ದಿನ ಎಂಟು ಬಗೆ. ಬೂದಿ ಹಾಕುವ ಮೊದಲು ನಾನೇ ಹೋಗಿ ನೋಡುತ್ತಿದ್ದೆ. ಆಮೇಲೆ ಸಾಬೂನು ಹಾಕಿ ಕೈ ತೊಳೆದು ಗಿರಣಿಗೆ ಬರುತ್ತಿದ್ದೆ. ಅಪ್ಪನ ಕಟ್ಟನ್ನು ಅಷ್ಟು ಸಡಿಲ ಮಾಡಿದರೆ ಅಪ್ಪ ಬೇಜಾರು ಮಾಡಿಕೊಳ್ಳಲಾರರು. ಗೋಡೆಯ ಕ್ಯಾಲೆಂಡರಿನಲ್ಲಿ ಕಂಡದ್ದಷ್ಟನ್ನೇ ಬರೆದೆ. 'ಬೆಳಿಗ್ಗೆ ಅರ್ಧ ಬಂತು. ಮಧ್ಯಾಹ್ನ ಪೂರ್ತಿ. ಸಂಜೆ ಅರ್ಧ.' ಕೊನೆಗೆ ದಾರಿ ತೋರಿಸಿದವಳು ಹೆಂಡತಿ.

"ದೊಡ್ಡಮ್ಮನ ತರಿಗೆ ಕಲ್ಲು ಎಷ್ಟು ಬಿಗಿ ಇಡ್ತೀರೋ ಅಷ್ಟೇ ಇಟ್ಟು ಬೀಸಿ ಕೊಡಿ. ಕಡುಬು ಮಾಡಿ ಹಾಕ್ತೀನಿ."

ತರಿಯ ಹಿಟ್ಟಿಗೆ ಬೇಯಿಸಿ ಅರೆದ ಕೋಳಿಯ ಲಿವರ್ ಸೇರಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದಳು. ಒಂದೊಂದೇ ಬಾಯಿಗಿಟ್ಟಳು. ನಾಯಿ ಅಗಿಯದೆ ನುಂಗಿತು. ನಾನು ತಬ್ಬಿಕೊಂಡೇ ನಿಂತೆ. ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು. ಹದಿನೈದು ನಿಮಿಷ ಆಯಿತು, ಇಳಿಸಿದೆವು. ಅರ್ಧ ಗಂಟೆ ಅದರ ಹಿಂದೆ ಹಿಂದೆ ತಿರುಗಿದೆ. ಏನೂ ಬರಲಿಲ್ಲ. ಕ್ಯಾಲೆಂಡರಿನಲ್ಲಿ 'ನಿಂತಿತು' ಎಂದು ಬರೆದೆ.

ತಕ್ಕಡಿಯ ಮುಳ್ಳು ಮತ್ತೆ ಮೇಲೇರಿತು. ಹದಿಮೂರು, ಹದಿನಾಲ್ಕು. ಕುರ್ಚಿಯ ಹತ್ತಿರ ಹೋದರೆ ಸಾಕು, ಅದು ತಾನೇ ಹತ್ತಿ ಮುಂಗಾಲು ಅಡ್ಡಪಟ್ಟಿಯ ಮೇಲಿಟ್ಟು ಪಂಕ್ತಿಗೆ ಕೂತವರ ಹಾಗೆ ಕಾಯುತ್ತಿತ್ತು. ಆಗ ನಾನು ಇನ್ನೊಂದು ತಪ್ಪು ಮಾಡಿದೆ.

ಸಂತೆಯ ದಿನ. ಬೆಂಚು ತುಂಬಿ ಜನ ಬಾಗಿಲವರೆಗೆ ನಿಂತಿದ್ದರು. ಹನ್ನೊಂದರ ಊಟ ಮುಗಿಸಿ ನಾಯಿಯನ್ನು ಹಿಡಿದು ನಿಂತಿದ್ದೇನೆ, ಒಳಗಿನಿಂದ ಕೂಗು: "ಬಸ್ ಹೋಗುತ್ತೆ ಮಾರಾಯ್ರೆ, ನಾಯಿ ಬಾಣಂತನ ಮುಗೀತಾ ಇಲ್ವಾ?" ಎಲ್ಲ ನಕ್ಕರು. ನನಗೂ ನಾಚಿಕೆಯಾಯಿತು. ಎಂಟು ನಿಮಿಷಕ್ಕೆ ಇಳಿಸಿ ಮೋಟಾರು ಹಾಕಿದೆ. ತಿಂದದ್ದು ಮೇಲೆ ಬಂತು. ಸಂಜೆಗೆ ಅದು ಕೆಮ್ಮಲು ಶುರುಮಾಡಿತು, ಮಾರನೆಯ ಬೆಳಿಗ್ಗೆ ಮೈ ಕಾದ ಕಾವಲಿ. ವೈದ್ಯೆ ಎದೆಗೆ ಕೊಳವೆ ಇಟ್ಟು ಕೇಳಿ, "ಎಂತ ಆಯ್ತು?" ಎಂದರು.

"ಹದಿನೈದು ನಿಮಿಷ ಹಿಡಿಯಬೇಕಿತ್ತು. ಎಂಟಕ್ಕೆ ಬಿಟ್ಟೆ. ತಪ್ಪು ನಂದು."

ಅವರು ಮುಂದಿನ ಮಾತಿಗೆ ಕಾದರು. ನನ್ನ ಹತ್ತಿರ ಇದ್ದದ್ದು ಅಷ್ಟೇ. ಅವರು ತಲೆಯಾಡಿಸಿ ಸೂಜಿ ತೆಗೆದರು. ಒಂಬತ್ತು ದಿನ ಇಂಜೆಕ್ಷನ್ನಿಗೆ ಹೋಗಿ ಬಂದೆವು. ಅದು ಉಳಿಯುತ್ತದೆಂದು ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಕೆಮ್ಮುತ್ತಲೇ ಕುರ್ಚಿಯಲ್ಲಿ ಕೂತು ಎರಡು ಉಂಡೆ ನುಂಗುತ್ತಿತ್ತು, ನಾನು ಹಿಡಿದಿರುತ್ತಿದ್ದೆ. ಹತ್ತನೆಯ ದಿನ ಮೂರನೆಯ ಉಂಡೆಗೆ ಬಾಯಿ ಚಾಚಿತು.

ಆಮೇಲೆ ಗಿರಣಿಯ ಬಾಗಿಲಿಗೆ ಒಂದು ರಟ್ಟು ಕಟ್ಟಿದೆ. ಯಾವ ಯಾವ ಹೊತ್ತಿನಲ್ಲಿ ಮೋಟಾರು ನಿಂತಿರುತ್ತದೆ ಎಂದು ಅದರಲ್ಲಿ ಬರೆದಿದೆ. ಕಾರಣ ಬರೆದಿಲ್ಲ. ಕಾರಣ ಊರಿಗೆಲ್ಲ ಗೊತ್ತು.

ಸಾಗರದಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶ ಬಂತು. ನಾನು ಬರುವುದಿಲ್ಲ ಎಂದೆ. "ಕುರ್ಚೀನೂ ಹಾಕ್ಕೊಳ್ಳಿ" ಎಂದಳು ಹೆಂಡತಿ. ಗೂಡ್ಸ್ ಆಟೋದ ಹಿಂದೆ ಮರದ ಡಬ್ಬ, ನಾಯಿ, ಕಡುಬಿನ ಡಬ್ಬಿ. ಸಾಗರದಲ್ಲಿ ಚಪ್ಪರದ ಹಿಂದೆ ಕುರ್ಚಿ ಇಳಿಸಿ ನಾಯಿಯನ್ನು ಕೂರಿಸುವಾಗ ಅರ್ಧ ನೆಂಟರು ಅಲ್ಲೇ ಇದ್ದರು.

"ಎಂತ ಭಾವ, ನಾಯಿಗೆ ಬೇರೆ ಪಂಕ್ತಿಯಾ?" ಎಂದ ನನ್ನ ಭಾವಮೈದ.

"ಮೊದಲ್ನೇ ಪಂಕ್ತಿ. ನಿಂದು ಆಮೇಲೆ."

ಹೋಳಿಗೆ ಊಟಕ್ಕೆ ಕರೆದರು. ನಾನು ಹೋದದ್ದು ಎರಡನೆಯ ಪಂಕ್ತಿಗೆ.

ಈಗ ಎರಡು ವರ್ಷ ಕಳೆದಿದೆ. ತಿಂಗಳಲ್ಲಿ ಒಂದೆರಡು ಸಲ ಈಗಲೂ ಜಾರಿ ಬೀಳುತ್ತದೆ. ಹೋಗಿ ನೋಡುತ್ತೇನೆ, ಬರೆಯುತ್ತೇನೆ, ಆಮೇಲೆ ಬೂದಿ. ತೂಕ ಹದಿನೇಳು. ಹದಿನೆಂಟಕ್ಕೆ ಬರಲಿಲ್ಲ, ಬರಲಿಕ್ಕಿಲ್ಲ ಎನ್ನುತ್ತಾರೆ ವೈದ್ಯೆ.

ಮೊನ್ನೆ ಹನ್ನೊಂದರ ಊಟ ಮುಗಿದು ನಾಯಿಯನ್ನು ತಬ್ಬಿ ನಿಂತಿದ್ದೆ. ದೊಡ್ಡಮ್ಮ ಗಿರಣಿಯೊಳಗಿಂದ ಹಿತ್ತಲಿಗೇ ಬಂದರು. ಕಂಕುಳಲ್ಲಿ ಅಕ್ಕಿಯ ಚೀಲ.

"ಆಯ್ತಾ ತಮ್ಮಾ?"

"ಇಲ್ಲ ದೊಡ್ಡಮ್ಮ, ಈಗಷ್ಟೇ ಹಿಡಿದದ್ದು. ಕೂತ್ಕಳಿ."

ಅವರು ಜಗುಲಿಯ ತುದಿಯಲ್ಲಿ ಕೂತು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. "ನಿನ್ನ ಅಜ್ಜನ ನಾಯಿದು ಹೇಳು ಹಂಗಾದ್ರೆ. ಭಾಳ ದಿನ ಆಯ್ತು ಕೇಳಿ."

ಹೇಳಿದೆ. ಹೋಳಿಗೆ ಕದ್ದದ್ದು, ನೆಂಟರು ಬಂದದ್ದು, ಎಲ್ಲ ಬಂತು. ಕಕ್ಕುವ ಜಾಗ ಬಂದಾಗ ಮಾತ್ರ ಕೈಯೂರಲು ಆಗಲಿಲ್ಲ. ಎರಡೂ ಕೈ ನಾಯಿಯ ಎದೆಯ ಮೇಲಿತ್ತು. ಬಾಯಿಯಲ್ಲೇ "ಗ್ವಾಕ್" ಎಂದೆ. ನಾಯಿ ಕತ್ತು ತಿರುಗಿಸಿ ನನ್ನ ಮುಖ ನೋಡಿ, ಮತ್ತೆ ಮುಂದಕ್ಕೆ ತಿರುಗಿತು.

ದೊಡ್ಡಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು ಎದ್ದರು. "ಸಾಕು ಬಿಡು, ಮೋಟಾರು ಹಾಕು. ಹೊತ್ತಾಯ್ತು ನಂಗೆ."

ಗಡಿಯಾರ ನೋಡಿದೆ.

"ಇನ್ನೂ ನಾಲ್ಕು ನಿಮಿಷ ಉಂಟು ದೊಡ್ಡಮ್ಮ" ಎಂದೆ.